ಶವರ್ ತೊಟ್ಟಿಕ್ಕುತ್ತಿದೆಯಾ? ವಾಲ್ವ್ ಬಿಚ್ಚಿ ಮನೆಯಲ್ಲೇ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಶವರ್‌ನಿಂದ ನೀರು ತೊಟ್ಟಿಕ್ಕಲು ಶುರುವಾದಾಗ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಮೊದಲು ಹ್ಯಾಂಡಲನ್ನು ಇನ್ನೂ ಗಟ್ಟಿಯಾಗಿ ತಿರುಗಿಸುತ್ತಾರೆ. ಅದಕ್ಕೂ ನಿಲ್ಲದಿದ್ದರೆ ಹೊಸ ಶವರ್ ಹೆಡ್ ತಂದು ಹಾಕುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ನೀರು ತಡೆಯುವುದು ಶವರ್ ಹೆಡ್‌ನ ಕೆಲಸವೇ ಅಲ್ಲ, ಬಂದ ನೀರನ್ನು ಹರಡುವುದಷ್ಟೇ ಅದಕ್ಕೆ ಗೊತ್ತು. ತಡೆಯಬೇಕಾದದ್ದು ಕೆಳಗೆ ಗೋಡೆಯಲ್ಲಿರುವ ವಾಲ್ವ್. ತೊಟ್ಟು ಬೀಳುವುದು ಮೇಲೆ, ಕೆಟ್ಟಿರುವುದು ಕೆಳಗೆ.

ತೊಟ್ಟು ತಾನೇ, ಬಿಡು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಒಂದು ತೊಟ್ಟು ಸುಮಾರು ಕಾಲು ಮಿಲಿಲೀಟರ್. ಸೆಕೆಂಡಿಗೆ ಒಂದರಂತೆ ಬಿದ್ದರೆ ದಿನಕ್ಕೆ 86,400 ತೊಟ್ಟು. ಅಂದರೆ 20 ಲೀಟರಿಗೂ ಜಾಸ್ತಿ ನೀರು ಸುಮ್ನೆ ಚರಂಡಿಗೆ ಹೋಗುತ್ತದೆ. ಅದು ಬಿಸಿನೀರಾದರೆ ಅದನ್ನು ಕಾಯಿಸಿದ ಕರೆಂಟೂ ಅದರ ಜೊತೆಗೇ ಹೋಯಿತು.

ಸಮಾಧಾನದ ವಿಷಯ ಏನೆಂದರೆ, ಇದು ದೊಡ್ಡ ರಿಪೇರಿ ಅಲ್ಲ. ಬಹಳಷ್ಟು ಸಲ ಒಂದು ವಾಷರ್, ಒಂದು ರಬ್ಬರ್ ರಿಂಗ್ ಅಥವಾ ಒಂದು ಕಾರ್ಟ್ರಿಜ್‌ನಲ್ಲಿ (ವಾಲ್ವ್ ಒಳಗೆ ನೀರು ಬಿಡುವ, ನಿಲ್ಲಿಸುವ ಬಿಡಿಭಾಗ) ಮುಗಿಯುತ್ತದೆ. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಸೋರಿಕೆ ಎಲ್ಲಿಂದ ಅನ್ನುವುದು ಖಚಿತವಾಗಬೇಕು. ನನ್ನ ಪ್ರಕಾರ ಈ ರಿಪೇರಿಯ ಮುಖ್ಯ ಭಾಗ ಇದೇ.

ಇದು ನಿಜವಾಗಿಯೂ ಸೋರಿಕೆಯೇ?

ಸ್ನಾನ ಮುಗಿಸಿ ವಾಲ್ವ್ ಮುಚ್ಚಿದ ಮೇಲೂ ವಾಲ್ವ್‌ನಿಂದ ಶವರ್ ಹೆಡ್‌ವರೆಗಿನ ಪೈಪಿನಲ್ಲಿ ನೀರು ಉಳಿದಿರುತ್ತದೆ. ದೊಡ್ಡ ಚಪ್ಪಟೆ ಶವರ್ ಹೆಡ್ ಆದರೆ ಅದರೊಳಗೂ ಸಾಕಷ್ಟು ನೀರು ನಿಂತಿರುತ್ತದೆ. ಆ ಸಣ್ಣ ತೂತುಗಳಲ್ಲಿ ನೀರು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಲ್ಲುತ್ತದೆ. ಒಂದು ತೂತಿನಿಂದ ಗಾಳಿ ಒಳಗೆ ಹೋದ ಕೂಡಲೇ ಉಳಿದದ್ದು ಒಮ್ಮೆಗೇ ಸುರಿಯುತ್ತದೆ. ಸ್ನಾನವಾಗಿ ಹತ್ತು ಹದಿನೈದು ನಿಮಿಷದ ನಂತರ ಇದ್ದಕ್ಕಿದ್ದಂತೆ ಒಂದು ಲೋಟ ನೀರು ಬಿದ್ದು ನಿಂತು ಹೋದರೆ ಅದು ದೋಷವಲ್ಲ, ಏನೂ ಬಿಚ್ಚಬೇಡಿ.

ಪರೀಕ್ಷೆ ಹೀಗೆ ಮಾಡಿ. ರಾತ್ರಿ ಕೊನೆಯ ಸ್ನಾನವಾದ ಮೇಲೆ ಶವರ್ ಹೆಡ್ ಅನ್ನು ಓರೆ ಮಾಡಿ ಒಳಗಿನ ನೀರು ಬಸಿಯಲು ಬಿಡಿ. ಒಂದು ಗಂಟೆ ಕಳೆದ ನಂತರ ಕೆಳಗೆ ಒಣಗಿದ ಪಾತ್ರೆ ಇಡಿ. ಬೆಳಿಗ್ಗೆ ಪಾತ್ರೆಯಲ್ಲಿ ನೀರಿದ್ದರೆ ವಾಲ್ವ್ ಸೋರುತ್ತಿದೆ.

ಇನ್ನು ನೀರು ಎಲ್ಲಿಂದ ಹೊರಬರುತ್ತಿದೆ ನೋಡಿ. ಶವರ್ ಹೆಡ್‌ನ ತೂತುಗಳಿಂದ ಅಥವಾ ಕೆಳಗಿನ ನಲ್ಲಿಯ ಬಾಯಿಂದ ಬಂದರೆ ವಾಲ್ವ್ ಒಳಗಿನ ಭಾಗ ಸವೆದಿದೆ. ಶವರ್ ಓಡುತ್ತಿರುವಾಗ ಮಾತ್ರ ಹ್ಯಾಂಡಲ್‌ನ ಬುಡದಿಂದ ಜಿನುಗಿದರೆ ಅದು ಬೇರೆ ದೋಷ. ಅಲ್ಲಿ ಕೆಟ್ಟಿರುವುದು ಸ್ಪಿಂಡಲ್ (ಹ್ಯಾಂಡಲ್ ಜೊತೆ ತಿರುಗುವ ಕಡ್ಡಿ) ಸುತ್ತಲಿನ ಓ-ರಿಂಗ್ ಎಂಬ ರಬ್ಬರ್ ಉಂಗುರ, ಅಥವಾ ಗ್ಲ್ಯಾಂಡ್, ಅಂದರೆ ಅದರ ಸುತ್ತ ನೀರು ತಡೆಯುವ ನಟ್ ಮತ್ತು ಪ್ಯಾಕಿಂಗ್. ಶವರ್ ಹೆಡ್ ಮತ್ತು ಪೈಪ್ ಸೇರುವ ಚೂಡಿಯಿಂದ (ಸ್ಕ್ರೂವಿನಂಥ ಸುರುಳಿ ಗೆರೆ) ಬಂದರೆ ಹಳೆಯ ಟೆಫ್ಲಾನ್ ಟೇಪ್ ತೆಗೆದು ಹೊಸದು ಸುತ್ತಿದರೆ ಸಾಕು. ಟೇಪನ್ನು ಚೂಡಿಯ ತುದಿ ನಿಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ.

ಒಂದನ್ನು ಮಾತ್ರ ಕಡೆಗಣಿಸಬೇಡಿ. ಗೋಡೆಗೆ ಅಂಟಿಕೊಂಡಿರುವ ದುಂಡನೆಯ ಫ್ಲ್ಯಾಂಜ್‌ನ ಹಿಂದಿನಿಂದ ನೀರು ಬರುತ್ತಿದ್ದರೆ, ಅಥವಾ ಆ ಗೋಡೆಯ ಇನ್ನೊಂದು ಬದಿಯಲ್ಲಿ ತೇವ ಕಾಣಿಸಿದರೆ, ಗೋಡೆಯೊಳಗಿನ ಪೈಪು ಅಥವಾ ವಾಲ್ವ್‌ನ ದೇಹವೇ ಸೋರುತ್ತಿರಬಹುದು. ಈ ಮಾರ್ಗದರ್ಶಿ ಅದಕ್ಕಲ್ಲ. ಆ ಲೈನಿನ ನೀರು ಮುಚ್ಚಿ ಪ್ಲಂಬರನ್ನು ಕರೆಯಿರಿ.

ಬಿಸಿಯದೋ, ತಣ್ಣೀರಿನದೋ?

ಶವರ್‌ಗೆ ಎರಡು ಲೈನ್ ಬರುತ್ತವೆ ಅಲ್ವಾ? ಯಾವ ಕಡೆ ಕೆಟ್ಟಿದೆ ಎಂದು ಗೊತ್ತಾದರೆ ಅರ್ಧ ಶ್ರಮ ಉಳಿಯುತ್ತದೆ. ತೊಟ್ಟನ್ನು ಕೈಯಲ್ಲಿ ಹಿಡಿದು ಹೇಳುವುದು ಕಷ್ಟ, ನಿಧಾನವಾಗಿ ಬರುವ ಬಿಸಿನೀರು ದಾರಿಯಲ್ಲೇ ಆರಿಬಿಡುತ್ತದೆ. ಅದಕ್ಕೆ ಮೊದಲು ಗೀಸರಿನ ಸ್ವಿಚ್ ಆರಿಸಿ. ನಂತರ ಗೀಸರಿಗೆ ಹೋಗುವ ವಾಲ್ವ್ ಮುಚ್ಚಿ ಅರ್ಧ ಗಂಟೆ ಕಾಯಿರಿ. ತೊಟ್ಟು ನಿಂತರೆ ದೋಷ ಬಿಸಿನೀರಿನ ಕಡೆ. ನಿಲ್ಲದಿದ್ದರೆ ತಣ್ಣೀರಿನ ಕಡೆ. ಒಂದೇ ಹ್ಯಾಂಡಲ್ ಇರುವ ಮಿಕ್ಸರ್‌ನಲ್ಲಿ ಎರಡಕ್ಕೂ ಒಂದೇ ಕಾರ್ಟ್ರಿಜ್. ಹಾಗಾಗಿ ಅಲ್ಲಿ ಈ ಪರೀಕ್ಷೆಯಿಂದ ಅಷ್ಟೇನೂ ಲಾಭವಿಲ್ಲ.

ಯಾವಾಗ ತೊಟ್ಟಿಕ್ಕುತ್ತದೆ ಅನ್ನುವುದನ್ನೂ ಗಮನಿಸಿ. ರಾತ್ರಿ ಮಾತ್ರ ಜಾಸ್ತಿಯಾದರೆ, ಆಗ ಯಾರೂ ನೀರು ಬಳಸದೆ ಲೈನಿನ ಒತ್ತಡ ಏರಿರುತ್ತದೆ. ಸ್ವಲ್ಪ ಸವೆದ ವಾಲ್ವ್ ಹಗಲಿನ ಒತ್ತಡವನ್ನು ತಡೆದು ರಾತ್ರಿಯದಕ್ಕೆ ಸೋಲುತ್ತದೆ. ಗೀಸರ್ ಉರಿಯುವಾಗ ಮಾತ್ರ ತೊಟ್ಟಿಕ್ಕಿದರೆ ಕಾರಣ ಹಿಗ್ಗುವಿಕೆ. 15 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಅದು ಎಲ್ಲಾದರೂ ಹೋಗಲೇಬೇಕು, ದುರ್ಬಲ ವಾಲ್ವ್ ಸಿಕ್ಕರೆ ಅಲ್ಲಿಂದ ಹೊರಬರುತ್ತದೆ. ವಾಲ್ವ್ ಸರಿಮಾಡಿದ ನಂತರ ಗೀಸರಿನ ಸೇಫ್ಟಿ ವಾಲ್ವ್‌ನಿಂದ ಒಂದಿಷ್ಟು ನೀರು ಜಿನುಗಬಹುದು. ದಯವಿಟ್ಟು ಅದನ್ನು ಯಾವ ಕಾರಣಕ್ಕೂ ಕಟ್ಟಬೇಡಿ. ಟ್ಯಾಂಕ್ ಒಡೆಯದಂತೆ ಕಾಯುವುದು ಅದೇ.

ನಿಮ್ಮದು ಯಾವ ಬಗೆಯ ವಾಲ್ವ್?

ಹ್ಯಾಂಡಲ್ ತಿರುಗಿಸಿದರೆ ಗೊತ್ತಾಗುತ್ತದೆ. ಪೂರ್ತಿ ತೆರೆಯಲು ಎರಡು ಮೂರು ಸುತ್ತು ಬೇಕಾದರೆ ಅದು ಹಳೆಯ ಬಗೆಯ ಸ್ಪಿಂಡಲ್ ವಾಲ್ವ್. ಒಳಗೆ ರಬ್ಬರ್ ವಾಷರ್ ಇರುತ್ತದೆ. ಕಾಲು ಸುತ್ತಿಗೇ ಪೂರ್ತಿ ತೆರೆದರೆ ಅದು ಸೆರಾಮಿಕ್ ಡಿಸ್ಕ್ ಇರುವ ಕ್ವಾರ್ಟರ್ ಟರ್ನ್. ಒಂದೇ ಲಿವರ್ ಎತ್ತಿದರೆ ನೀರು, ಪಕ್ಕಕ್ಕೆ ಸರಿಸಿದರೆ ಬಿಸಿ ಅಥವಾ ತಣ್ಣೀರು ಎಂದಿದ್ದರೆ ಅದು ಸಿಂಗಲ್ ಲಿವರ್ ಮಿಕ್ಸರ್. ಅದರೊಳಗಿನ ಕಾರ್ಟ್ರಿಜ್ ಸಾಮಾನ್ಯವಾಗಿ 35 ಅಥವಾ 40 ಮಿಲಿಮೀಟರ್ ಅಗಲದ್ದು. ಡಿಗ್ರಿಯ ಅಂಕಿಗಳಿರುವ ನಾಬ್ ಇದ್ದರೆ ಅದು ಥರ್ಮೋಸ್ಟಾಟಿಕ್.

ಕೆಲವರ ಬಾತ್‌ರೂಮಿನಲ್ಲಿ ಡೈವರ್ಟರ್ ಇರುತ್ತದೆ. ನೀರನ್ನು ನಲ್ಲಿಗೋ ಶವರ್‌ಗೋ ಕಳಿಸುವುದು ಅದರ ಕೆಲಸ. ನಲ್ಲಿ ಓಡುವಾಗ ಶವರ್‌ನಿಂದಲೂ ತೊಟ್ಟು ಬಿದ್ದರೆ ಡೈವರ್ಟರ್ ಸವೆದಿದೆ. ಎಲ್ಲವನ್ನೂ ಮುಚ್ಚಿದಾಗಲೂ ಬಿದ್ದರೆ ಡೈವರ್ಟರನ್ನು ದೂರಬೇಡಿ, ಮುಖ್ಯ ವಾಲ್ವ್ ಕಡೆ ನೋಡಿ.

ಬಿಚ್ಚುವ ಮೊದಲು

ಬೇಕಾದ ಸಾಮಾನು ಕಡಿಮೆ. ಚಪ್ಪಟೆ ಮತ್ತು ಸ್ಟಾರ್ ಸ್ಕ್ರೂಡ್ರೈವರ್, 2.5 ಮತ್ತು 3 ಮಿಲಿಮೀಟರ್ ಅಲೆನ್ ಕೀ, ಅಡ್ಜಸ್ಟೆಬಲ್ ಸ್ಪ್ಯಾನರ್, ಹಳೆಯ ಹಲ್ಲುಜ್ಜುವ ಬ್ರಷ್, ಬಿಳಿ ವಿನೆಗರ್, ಹಳೆ ಬಟ್ಟೆ, ಟಾರ್ಚ್, ಸಿಲಿಕಾನ್ ಗ್ರೀಸ್. ಗ್ರೀಸ್ ವಿಷಯದಲ್ಲಿ ರಾಜಿ ಬೇಡ. ಪೆಟ್ರೋಲಿಯಂ ಜೆಲ್ಲಿ ಅಥವಾ ವಾಹನದ ಗ್ರೀಸ್ ಹಚ್ಚಿದರೆ ಈ ವಾಲ್ವ್‌ಗಳಲ್ಲಿ ಬಳಸುವ ಬಹುತೇಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಗೀಸರಿನ ಸ್ವಿಚ್ ಆರಿಸಿ. ತಣ್ಣೀರು ಮತ್ತು ಬಿಸಿನೀರು ಎರಡೂ ಲೈನ್ ಮುಚ್ಚಿ. ಬಾತ್‌ರೂಮಿಗೆ ಬೇರೆ ವಾಲ್ವ್ ಇಲ್ಲದಿದ್ದರೆ ಟ್ಯಾಂಕ್ ಅಥವಾ ಮೀಟರಿನ ಬಳಿಯ ಮುಖ್ಯ ವಾಲ್ವ್ ಮುಚ್ಚಬೇಕು. ಸೋಲಾರ್ ಹೀಟರ್ ಇದ್ದರೆ ಅದರ ಲೈನನ್ನು ಮರೆಯಬೇಡಿ, ಅದರ ಟ್ಯಾಂಕಿನಲ್ಲಿ ಬಿಸಿನೀರು ತುಂಬಿರುತ್ತದೆ. ಗೋಡೆಯೊಳಗಿನ ಕೆಲವು ಮಿಕ್ಸರ್‌ಗಳಲ್ಲಿ ಫ್ಲ್ಯಾಂಜ್ ತೆಗೆದರೆ ಎರಡು ಬದಿಗೂ ಒಂದೊಂದು ಚಪ್ಪಟೆ ಸ್ಕ್ರೂ ಕಾಣುತ್ತದೆ. ನೀರು ನಿಲ್ಲಿಸುವ ಸ್ಕ್ರೂ ಅದು.

ಈಗ ಶವರ್ ತೆರೆದು ನೋಡಿ. ನೀರು ಸಂಪೂರ್ಣ ನಿಲ್ಲುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ಒತ್ತಡವಿರುವಾಗ ಕಾರ್ಟ್ರಿಜ್‌ನ ನಟ್ ಬಿಚ್ಚಿದರೆ ಅದು ಮುಖಕ್ಕೇ ಹಾರಬಹುದು. ನಂತರ ಚರಂಡಿಯ ಜಾಲರಿ ಮೇಲೆ ಬಟ್ಟೆ ಹಾಸಿ. ಸಣ್ಣ ಸ್ಕ್ರೂ ಒಂದು ಒಳಗೆ ಬಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಪ್ರತಿ ಭಾಗ ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ತೆಗೆದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ.

ಹ್ಯಾಂಡಲ್ ತೆಗೆಯುವುದು ಎಲ್ಲ ಬಗೆಗೂ ಹೆಚ್ಚುಕಡಿಮೆ ಒಂದೇ. ಕೆಂಪು ಅಥವಾ ನೀಲಿ ಗುರುತಿನ ಪುಟ್ಟ ಮುಚ್ಚಳವನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿ. ಒಳಗೆ ಸ್ಕ್ರೂ ಇರುತ್ತದೆ. ಮುಚ್ಚಳ ಕಾಣದಿದ್ದರೆ ಹ್ಯಾಂಡಲ್‌ನ ಕೆಳಬದಿಗೆ ಅಥವಾ ಹಿಂಬದಿಗೆ ಟಾರ್ಚ್ ಹಿಡಿದು ನೋಡಿ, ಅಲೆನ್ ಸ್ಕ್ರೂವಿನ ತೂತು ಅಲ್ಲಿರುತ್ತದೆ. ಅಲೆನ್ ಕೀ ಪೂರ್ತಿ ಒಳಗೆ ಕೂತಿದೆಯೇ ಎಂದು ಖಚಿತಪಡಿಸಿಕೊಂಡೇ ತಿರುಗಿಸಿ. ಸ್ಕ್ರೂವಿನ ಮೂಲೆ ಸವೆದರೆ ಮತ್ತೆ ಹಿಡಿತ ಸಿಗುವುದಿಲ್ಲ. ಹ್ಯಾಂಡಲ್ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಬುಡಕ್ಕೆ ಸುತ್ತಿ ಅರ್ಧ ಗಂಟೆ ಬಿಡಿ. ನಂತರ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಾ ಎಳೆಯಿರಿ.

ಸ್ಪಿಂಡಲ್ ವಾಲ್ವ್ ಆದರೆ

ಮೊದಲು ಸ್ಪಿಂಡಲನ್ನು ಅರ್ಧ ಸುತ್ತು ತೆರೆದ ಸ್ಥಿತಿಗೆ ತನ್ನಿ. ಆಗ ವಾಷರ್ ಸೀಟಿನ ಮೇಲೆ ಒತ್ತಿಕೊಂಡಿರುವುದಿಲ್ಲ, ಸಲೀಸಾಗಿ ಬಿಚ್ಚುತ್ತದೆ. ದೊಡ್ಡ ನಟ್ಟಿಗೆ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಸ್ಪಿಂಡಲ್ ಇಡಿಯಾಗಿ ಹೊರಬರುತ್ತದೆ. ಅದರ ತುದಿಯಲ್ಲಿ ವಾಷರ್ ಕಾಣುತ್ತದೆ.

ಹಳೆಯ ವಾಷರ್ ಮೇಲೆ ಉಂಗುರದಂತೆ ಆಳವಾದ ಗೆರೆ ಬಿದ್ದಿದ್ದರೆ, ಅಥವಾ ಅದು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ತೊಟ್ಟಿನ ಕಾರಣ ಸಿಕ್ಕಿತು. ಹ್ಯಾಂಡಲನ್ನು ಬಲವಾಗಿ ತಿರುಗಿಸಿದಷ್ಟೂ ಈ ಗೆರೆ ಆಳವಾಗುತ್ತದೆ. ಬಿಗಿ ಮಾಡಿದ ದಿನ ತೊಟ್ಟು ನಿಂತು, ಮುಂದಿನ ವಾರ ಇನ್ನೂ ಜಾಸ್ತಿಯಾಗುವುದು ಇದಕ್ಕೇ. ಅದೇ ಅಳತೆಯ, ಅದೇ ದಪ್ಪದ ಹೊಸ ವಾಷರ್ ಹಾಕಿ. ಹಳೆಯದನ್ನು ತಿರುಗಿಸಿ ಹಾಕುವುದು ಒಂದೆರಡು ದಿನದ ಉಪಾಯ ಮಾತ್ರ.

ವಾಷರ್ ಬದಲಾಯಿಸಿ ಅಲ್ಲಿಗೇ ಕೈ ತೊಳೆಯಬೇಡಿ. ವಾಲ್ವ್‌ನ ಒಳಗೆ ಬೆರಳು ಹಾಕಿ ಸೀಟಿನ ಅಂಚನ್ನು ಸುತ್ತಲೂ ಸವರಿ. ಸೀಟು ಅಂದರೆ ವಾಷರ್ ಕೂರುವ ಲೋಹದ ಉಂಗುರ. ಅದು ನುಣ್ಣಗಿರಬೇಕು. ಎಲ್ಲಾದರೂ ತಗ್ಗು, ಗೀರು ಅಥವಾ ಒರಟು ಸಿಕ್ಕರೆ ಹೊಸ ವಾಷರ್ ಕೂಡ ಬೇಗ ಹಾಳಾಗುತ್ತದೆ. ಬರೀ ಸುಣ್ಣದ ಪದರವಾದರೆ ವಿನೆಗರ್ ಮತ್ತು ಬ್ರಷ್‌ನಿಂದ ಹೋಗುತ್ತದೆ. ಲೋಹವೇ ಕೊರೆದಿದ್ದರೆ ಸೀಟ್ ಉಜ್ಜುವ ಕಟ್ಟರ್ ಸಿಗುತ್ತದೆ. ಅದನ್ನು ವಾಲ್ವ್‌ಗೆ ನೇರವಾಗಿ ಕೂರಿಸಿ, ಹೆಚ್ಚು ಒತ್ತದೆ, ಒಂದೆರಡು ಸುತ್ತು ತಿರುಗಿಸಿ ಮತ್ತೆ ಬೆರಳಿನಿಂದ ನೋಡಿ. ಜಾಸ್ತಿ ಉಜ್ಜಿದರೆ ಲೋಹ ತೆಳುವಾಗುತ್ತದೆ. ಕೆಲವು ವಾಲ್ವ್‌ಗಳ ಸೀಟನ್ನೇ ಬಿಚ್ಚಿ ಹೊಸದು ಹಾಕಬಹುದು, ಅಂಥದ್ದರಲ್ಲಿ ಸೀಟಿನ ತೂತು ಚೌಕವಾಗಿ ಅಥವಾ ಆರು ಮೂಲೆಯದ್ದಾಗಿ ಇರುತ್ತದೆ.

ಹ್ಯಾಂಡಲ್ ಬುಡದ ಜಿನುಗಿಗೆ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತಿಗಿಂತಲೂ ಕಡಿಮೆ ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ಓ-ರಿಂಗ್ ಅಥವಾ ಒಳಗಿನ ಪ್ಯಾಕಿಂಗ್ ಬದಲಾಯಿಸಿ.

ಸೆರಾಮಿಕ್ ಕಾರ್ಟ್ರಿಜ್ ಆದರೆ

ಇದರಲ್ಲಿ ವಾಷರ್ ಇಲ್ಲ. ಕನ್ನಡಿಯಷ್ಟು ನುಣುಪಾದ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಎರಡರ ತೂತೂ ಎದುರುಬದುರಾದರೆ ನೀರು ಬರುತ್ತದೆ, ಸರಿದರೆ ನಿಲ್ಲುತ್ತದೆ. ಆ ಬಿಲ್ಲೆಗಳು ತುಂಬಾ ಗಟ್ಟಿ, ಸುಲಭವಾಗಿ ಸವೆಯುವುದಿಲ್ಲ. ಆದರೆ ನಡುವೆ ಒಂದು ಮರಳಿನ ಕಣ ಅಥವಾ ಸುಣ್ಣದ ಚೂರು ಸಿಕ್ಕಿಕೊಂಡರೆ ಮುಚ್ಚುವಿಕೆ ಕೆಡುತ್ತದೆ. ಇನ್ನೊಂದು ದುರ್ಬಲ ಜಾಗ ಕಾರ್ಟ್ರಿಜ್‌ನ ತಳದ ರಬ್ಬರ್ ಸೀಲ್‌ಗಳು. ಅವು ಚಪ್ಪಟೆಯಾದರೆ ನೀರು ಬಿಲ್ಲೆಗಳ ಮೂಲಕ ಹೋಗದೆ ಪಕ್ಕದಿಂದ ನುಗ್ಗುತ್ತದೆ.

ಹಾಗಾಗಿ ಸಿಂಗಲ್ ಲಿವರ್ ಮಿಕ್ಸರ್‌ನ ಹ್ಯಾಂಡಲ್ ತೆಗೆದ ಮೇಲೆ, ಏನೂ ಹೊರತೆಗೆಯುವ ಮೊದಲು, ಕಾರ್ಟ್ರಿಜನ್ನು ಒತ್ತಿ ಹಿಡಿದಿರುವ ನಟ್ ಸಡಿಲವಾಗಿದೆಯೇ ನೋಡಿ. ಸಡಿಲವಿದ್ದರೆ ತಳದ ಸೀಲ್‌ಗಳ ಮೇಲೆ ಒತ್ತಡ ಬೀಳುವುದಿಲ್ಲ. ಸ್ವಲ್ಪ ಬಿಗಿ ಮಾಡಿ, ನೀರು ಬಿಟ್ಟು ಪರೀಕ್ಷಿಸಿ. ಇಷ್ಟಕ್ಕೇ ತೊಟ್ಟು ನಿಲ್ಲುವುದುಂಟು.

ನಿಲ್ಲದಿದ್ದರೆ ನೀರು ಮತ್ತೆ ಮುಚ್ಚಿ, ನಟ್ ಬಿಚ್ಚಿ. ಕೆಲವದರಲ್ಲಿ ನಟ್ ಬದಲು ಒಂದು ಲೋಹದ ಕ್ಲಿಪ್ ಇರುತ್ತದೆ, ಅದನ್ನು ನೇರವಾಗಿ ಮೇಲಕ್ಕೆ ಎಳೆಯಬೇಕು. ಕಾರ್ಟ್ರಿಜ್ ಹೊರಬರುವ ಮೊದಲು ಅದು ಯಾವ ದಿಕ್ಕಿಗೆ ಕೂತಿತ್ತು ಎಂದು ಫೋಟೋ ತೆಗೆಯಿರಿ. ಗೋಡೆಯೊಳಗಿನ ವಾಲ್ವ್ ಆದರೆ ಇಲ್ಲಿ ಬಲಪ್ರಯೋಗ ಮಾಡಲೇಬೇಡಿ. ನೀವು ಹಾಕುವ ತಿರುಚು ಕಾರ್ಟ್ರಿಜ್‌ಗೆ ಮಾತ್ರವಲ್ಲ, ಹಿಂದಿನ ಪೈಪಿನ ಜೋಡಣೆಗೂ ತಲುಪುತ್ತದೆ. ಆ ಜೋಡಣೆ ಬಿರುಕು ಬಿಟ್ಟರೆ ಟೈಲ್ಸ್ ಒಡೆಯಬೇಕು. ಒಂದು ಕೈಯಿಂದ ವಾಲ್ವ್‌ನ ದೇಹವನ್ನು ಆನಿಸಿ ಹಿಡಿದು ಇನ್ನೊಂದರಿಂದ ತಿರುಗಿಸಿ. ಬಾರದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ನಟ್ಟಿನ ಚೂಡಿಗೆ ಸ್ವಲ್ಪ ಹಾಕಿ ಕಾಯಿರಿ. ಎಣ್ಣೆ ಒಳಗಿನ ರಬ್ಬರ್ ಮುಟ್ಟಿದ್ದರೆ ಅದನ್ನು ಬದಲಾಯಿಸಿ.

ಹೊರಬಂದ ಕಾರ್ಟ್ರಿಜನ್ನು ಬೆಳಕಿನಲ್ಲಿ ನೋಡಿ. ಬಿಳಿ ಪದರ ಕಟ್ಟಿದ್ದು ಬಿಲ್ಲೆಯಲ್ಲಿ ಬಿರುಕಿಲ್ಲದಿದ್ದರೆ ತೊಳೆದು ನೋಡುವುದು ಒಳ್ಳೆಯದು. ರಬ್ಬರ್ ಸೀಲ್‌ಗಳನ್ನು ತೆಗೆದಿಟ್ಟು, ಸಮ ಪ್ರಮಾಣದ ವಿನೆಗರ್ ಮತ್ತು ನೀರಿನಲ್ಲಿ ಒಂದು ಗಂಟೆ ನೆನೆಸಿ. ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಚಾಕು, ಮರಳು ಕಾಗದ ಬಿಲ್ಲೆಯ ಹತ್ತಿರವೂ ಬರಬಾರದು. ಬಿಲ್ಲೆಯಲ್ಲಿ ಗೀರು ಅಥವಾ ಬಿರುಕು ಕಂಡರೆ ತೊಳೆದು ಫಲವಿಲ್ಲ, ಹೊಸದೇ ಬೇಕು.

ಹೊಸದನ್ನು ಕೊಳ್ಳುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ. ನೋಡಲು ಒಂದೇ ಥರ ಕಂಡರೂ ಎತ್ತರ, ತಳದ ತೂತುಗಳ ಜಾಗ, ತಳದಲ್ಲಿರುವ ಎರಡು ಮೊಳೆಗಳ ಅಂತರ ಬೇರೆ ಇರುತ್ತದೆ. ಕ್ವಾರ್ಟರ್ ಟರ್ನ್ ಕಾರ್ಟ್ರಿಜ್‌ನಲ್ಲಿ ಹ್ಯಾಂಡಲ್ ಕೂರುವ ಹಲ್ಲುಗಳನ್ನು ಎಣಿಸಿ, 20 ಅಥವಾ 24 ಇರುವುದು ಸಾಮಾನ್ಯ. ಇನ್ನೂ ಒಂದು ವಿಷಯ: ಬಿಸಿ ಮತ್ತು ತಣ್ಣೀರಿನ ಕಾರ್ಟ್ರಿಜ್‌ಗಳು ಎಷ್ಟೋ ಮಾದರಿಗಳಲ್ಲಿ ವಿರುದ್ಧ ದಿಕ್ಕಿಗೆ ಮುಚ್ಚುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಕೂರುತ್ತದೆ, ಆದರೆ ಹ್ಯಾಂಡಲ್ ಉಲ್ಟಾ ತಿರುಗುತ್ತದೆ.

ಥರ್ಮೋಸ್ಟಾಟಿಕ್ ವಾಲ್ವ್‌ನಲ್ಲಿ ನೀರು ನಿಲ್ಲಿಸುವ ಭಾಗ ಮತ್ತು ತಾಪಮಾನ ಹೊಂದಿಸುವ ಭಾಗ ಎಷ್ಟೋ ಮಾದರಿಗಳಲ್ಲಿ ಬೇರೆ ಬೇರೆ. ಅಂಥದ್ದರಲ್ಲಿ ತೊಟ್ಟಿಕ್ಕುವುದು ಮೊದಲನೆಯದರ ದೋಷ. ತಾಪಮಾನದ ಭಾಗವನ್ನು ಮುಟ್ಟಬೇಡಿ.

ಮತ್ತೆ ಜೋಡಿಸುವುದು

ವಾಲ್ವ್ ಖಾಲಿಯಾಗಿರುವಾಗಲೇ ಪೈಪನ್ನು ಒಮ್ಮೆ ತೊಳೆಯಿರಿ. ವಾಲ್ವ್‌ನ ಬಾಯಿಗೆ ಬಟ್ಟೆ ಮುಚ್ಚಿ ಬಕೆಟ್ ಹಿಡಿದು, ಇನ್ನೊಬ್ಬರಿಗೆ ಹೇಳಿ ತಣ್ಣೀರಿನ ಲೈನನ್ನು ಎರಡು ಸೆಕೆಂಡ್ ಸ್ವಲ್ಪವೇ ತೆರೆಸಿ ಮುಚ್ಚಿಸಿ. ಒಳಗಿದ್ದ ಮರಳು, ತುಕ್ಕಿನ ಚೂರು ಹೊರಬರುತ್ತದೆ. ಇದನ್ನು ಬಿಟ್ಟರೆ ಅದೇ ಕಸ ಹೊಸ ಕಾರ್ಟ್ರಿಜ್‌ಗೆ ಸೇರುತ್ತದೆ. ಬಿಸಿನೀರಿನ ಲೈನಿಗೂ ಹೀಗೇ ಮಾಡುವುದಾದರೆ ಗೀಸರಿನ ನೀರು ಆರಿರಲಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.

ಸೀಲ್ ಮತ್ತು ಓ-ರಿಂಗ್‌ಗಳಿಗೆ ತೆಳುವಾಗಿ ಸಿಲಿಕಾನ್ ಗ್ರೀಸ್ ಹಚ್ಚಿ. ಕಾರ್ಟ್ರಿಜನ್ನು ಫೋಟೋದಲ್ಲಿದ್ದ ದಿಕ್ಕಿಗೇ ಕೂರಿಸಿ. ತಳದ ಮೊಳೆಗಳು ತಮ್ಮ ಕುಳಿಯೊಳಗೆ ಇಳಿದಾಗ ಅದು ಅಲ್ಲಾಡದೆ ಕೂರುತ್ತದೆ. ನಟ್ಟನ್ನು ಮೊದಲು ಕೈಯಿಂದಲೇ ತಿರುಗಿಸಿ, ಚೂಡಿ ನೇರವಾಗಿ ಹಿಡಿದಿದೆ ಎಂದು ಖಚಿತವಾಗಲಿ. ಕೈಯಿಂದ ಇನ್ನು ಆಗದು ಅನ್ನಿಸಿದ ಮೇಲೆ ಸ್ಪ್ಯಾನರಿನಿಂದ ಸುಮಾರು ಕಾಲು ಸುತ್ತು ಸಾಕು.

ಈಗ ನೀರು ಬಿಡುವ ಕ್ರಮ. ಹ್ಯಾಂಡಲನ್ನು ತಾತ್ಕಾಲಿಕವಾಗಿ ಕೂರಿಸಿ, ಶವರನ್ನು ತೆರೆದ ಸ್ಥಿತಿಯಲ್ಲಿಡಿ. ಸಿಂಗಲ್ ಲಿವರ್ ಆದರೆ ನಡುವಿಗೆ ತನ್ನಿ. ಆಮೇಲೆ ಲೈನಿನ ವಾಲ್ವನ್ನು ತುಂಬಾ ನಿಧಾನವಾಗಿ ತೆರೆಯಿರಿ. ಪೈಪಿನಲ್ಲಿ ಸೇರಿದ ಗಾಳಿ ಮೊದಲು ಉಗುಳುತ್ತಾ ಹೊರಹೋಗಬೇಕು. ಶವರ್ ಮುಚ್ಚಿಟ್ಟು ರಭಸದಿಂದ ನೀರು ಬಿಟ್ಟರೆ ಗಾಳಿಯ ಹೊಡೆತಕ್ಕೆ ಸೆರಾಮಿಕ್ ಬಿಲ್ಲೆ ಬಿರುಕು ಬಿಡಬಹುದು. ಒಂದೆರಡು ನಿಮಿಷ ಹರಿದ ನಂತರ ಶವರ್ ಮುಚ್ಚಿ. ಬಿಸಿನೀರಿನ ಕಡೆಯಿಂದ ಸತತವಾಗಿ ನೀರು ಬಂದು ಗೀಸರ್ ತುಂಬಿದೆ ಎಂದು ಖಚಿತವಾದ ಮೇಲೆಯೇ ಅದರ ಸ್ವಿಚ್ ಹಾಕಿ.

ಫ್ಲ್ಯಾಂಜ್ ಕೂರಿಸುವ ಮೊದಲು ಕಾರ್ಟ್ರಿಜ್ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ. ಟಿಶ್ಯೂ ಒದ್ದೆಯಾಗದಿದ್ದರೆ ಎಲ್ಲವನ್ನೂ ಜೋಡಿಸಿ. ಮಕ್ಕಳು, ವಯಸ್ಸಾದವರು ಬಳಸುವ ಶವರ್ ಆದರೆ ಅತಿ ಬಿಸಿಗೆ ಮಿತಿ ಹಾಕುವ ಪ್ಲಾಸ್ಟಿಕ್ ಉಂಗುರ ಮೊದಲಿದ್ದ ಜಾಗಕ್ಕೇ ಬಂದಿದೆಯೇ ನೋಡಿ. ಲಿವರನ್ನು ಪೂರ್ತಿ ಬಿಸಿ ಕಡೆಗೆ ತಿರುಗಿಸಿ ಥರ್ಮಾಮೀಟರ್ ಹಿಡಿದರೆ 49 ಡಿಗ್ರಿ ದಾಟಬಾರದು. ರಾತ್ರಿ ಮತ್ತೆ ಒಣ ಪಾತ್ರೆಯ ಪರೀಕ್ಷೆ ಮಾಡಿ.

ಇನ್ನೂ ತೊಟ್ಟಿಕ್ಕಿದರೆ

ಮೊದಲು ಶವರನ್ನು ರಭಸವಾಗಿ ಹತ್ತಾರು ಸಲ ತೆರೆದು ಮುಚ್ಚಿ, ಸಿಕ್ಕಿಕೊಂಡ ಕಣ ಕೊಚ್ಚಿ ಹೋಗಬಹುದು. ಆಗಲೂ ನಿಲ್ಲದಿದ್ದರೆ ತಳದ ಸೀಲ್ ಮಡಚಿಕೊಂಡಿದೆಯೇ, ವಾಲ್ವ್‌ನ ಒಳಗೋಡೆಯಲ್ಲಿ ಹಳೆಯ ರಬ್ಬರ್ ಚೂರು ಉಳಿದಿದೆಯೇ ನೋಡಿ. ಹಳೆಯ ಸೀಲ್ ಒಳಗೇ ಅಂಟಿಕೊಂಡು ಅದರ ಮೇಲೆ ಹೊಸದು ಕೂರುವುದು ಬಹಳ ಸಾಮಾನ್ಯ. ಸಿಂಗಲ್ ಲಿವರ್ ಅಲ್ಲದಿದ್ದರೆ ಇನ್ನೊಂದು ಬದಿಯ ವಾಲ್ವನ್ನೂ ಪರೀಕ್ಷಿಸಿ. ಎರಡೂ ಒಂದೇ ದಿನ ಹಾಕಿದವು, ಎರಡೂ ಒಟ್ಟಿಗೇ ಸವೆದಿರಬಹುದು.

ಕಾರ್ಟ್ರಿಜ್ ತುಂಡಾಗಿ ಅರ್ಧ ಒಳಗೇ ಉಳಿದರೆ, ವಾಲ್ವ್‌ನ ದೇಹ ಗೋಡೆಯಲ್ಲಿ ಅಲ್ಲಾಡಿದರೆ, ಅಥವಾ ಲೈನಿನ ವಾಲ್ವೇ ಪೂರ್ತಿ ಮುಚ್ಚದಿದ್ದರೆ ಅಲ್ಲಿಗೇ ನಿಲ್ಲಿಸಿ ಪ್ಲಂಬರನ್ನು ಕರೆಯಿರಿ. ಅವರಿಗೆ ಬರೀ ಶವರ್ ಸೋರುತ್ತಿದೆ ಎನ್ನಬೇಡಿ. ಯಾವ ಬಗೆಯ ವಾಲ್ವ್, ಬಿಸಿ ಕಡೆಯೋ ತಣ್ಣೀರಿನ ಕಡೆಯೋ, ಏನೇನು ಬದಲಾಯಿಸಿ ಆಯಿತು ಎಂದು ಹೇಳಿ, ತೆಗೆದ ಫೋಟೋಗಳನ್ನು ಕಳಿಸಿ. ಸರಿಯಾದ ಕಾರ್ಟ್ರಿಜ್ ಮತ್ತು ಅದನ್ನು ಎಳೆಯುವ ಪುಲ್ಲರ್ ಹಿಡಿದೇ ಅವರು ಬರುತ್ತಾರೆ.